ಮಗಳು ಹಿಂದೆ, ಸೊಸೆ ಮುಂದೆ

ಹೊಲಿಗೆ ಕಾರ್ಖಾನೆಯ ಕಟಿಂಗ್ ಮಾಸ್ಟರಿಗೆ ಫುಟ್‌ಬಾಲ್ ಆಡಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಹದಿನಾಲ್ಕು ವರ್ಷ ಆ ಕಾರ್ಖಾನೆಯ ಹೆಂಗಸರ ಫುಟ್‌ಬಾಲ್ ತಂಡಕ್ಕೆ ಅವರೇ ಕೋಚ್ ಆಗಿದ್ದರು. ಆದದ್ದು ಹೇಗೆ ಅಂತೀರಾ? ಕಾರ್ಖಾನೆಯ ಹಿಂದಿನ ಮೈದಾನಕ್ಕೆ ಸುಣ್ಣದ ಗೆರೆ ಎಳೆಯಲು ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಗೋಲಿನ ಮುಂದಿನ ಚೌಕ ಒಂದು ಕಡೆ ಹಿಗ್ಗಿ, ಇನ್ನೊಂದು ಕಡೆ ಕುಗ್ಗಿ, ನೋಡಿದವರಿಗೆ ನಗು ಬರುವಂತಿತ್ತು. ಬಟ್ಟೆಯ ಮೇಲೆ ಮೂವತ್ತು ವರ್ಷ ಚಾಕ್ ಎಳೆದ ಕೈಗೆ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಒಂದು ಭಾನುವಾರ ಹೋಗಿ ಗೆರೆ ಹಾಕಿಕೊಟ್ಟರು, ಮುಂದಿನ ಭಾನುವಾರವೂ ಹೋದರು. ಮೂರನೆಯ ಭಾನುವಾರದ ಹೊತ್ತಿಗೆ ಹಳೆಯ ಕೋಚ್ ಕೆಲಸ ಬಿಟ್ಟಾಗಿತ್ತು. ಮೈದಾನದಲ್ಲಿ ಸುಣ್ಣದ ಡಬ್ಬ ಹಿಡಿದು ನಿಂತಿದ್ದವರು ಇವರೊಬ್ಬರೇ. ಮ್ಯಾನೇಜರು ನೋಡಿ, "ಹೇಗೂ ಇಲ್ಲೇ ಇರ್ತೀರಲ್ಲ ಮಾಸ್ಟ್ರೇ, ಈ ಹುಡುಗೀರನ್ನೂ ನೀವೇ ನೋಡ್ಕೊಳ್ಳಿ" ಎಂದರು. ಇಲ್ಲ ಎನ್ನಲು ಮಾಸ್ಟರಿಗೆ ಬಾಯಿ ಬರಲಿಲ್ಲ.

ಅವರ ಜಾಯಮಾನವೇ ಅದು. ಮನೆಯ ಬೀದಿಯಲ್ಲಿ ಇಬ್ಬರು ಕ್ಷೌರಿಕರಿದ್ದರು, ಎದುರುಬದುರು ಅಂಗಡಿ. ಒಬ್ಬನ ಹತ್ತಿರ ಹೋದರೆ ಇನ್ನೊಬ್ಬ ಬೇಜಾರು ಮಾಡಿಕೊಂಡಾನು ಎಂದು ಮಾಸ್ಟರು ಇಪ್ಪತ್ತು ವರ್ಷದಿಂದ ತಲೆಯನ್ನು ಒಬ್ಬನಿಗೂ ಗಡ್ಡವನ್ನು ಇನ್ನೊಬ್ಬನಿಗೂ ಒಪ್ಪಿಸಿಕೊಂಡು ಬಂದಿದ್ದರು. ಅರ್ಧ ಕೆಲಸ ಮುಗಿಸಿ ರಸ್ತೆ ದಾಟುವುದನ್ನು ನೋಡಿ ಇಡೀ ಬೀದಿ ನಗುತ್ತಿತ್ತು. ಹೆಂಡತಿಯೂ ನಗುತ್ತಿದ್ದಳು. "ನಿಮ್ಮನ್ನ ನ್ಯಾಯ ಹೇಳೋಕೆ ಕೂರಿಸಿದ್ರೆ ಕಳ್ಳನಿಗೂ ಅರ್ಧ, ಮನೆಯವನಿಗೂ ಅರ್ಧ ಹಂಚಿ ಬರ್ತೀರಿ ಬಿಡಿ" ಎನ್ನುತ್ತಿದ್ದಳು. ಅವಳು ಅದೇ ಕಾರ್ಖಾನೆಯ ಕಾಜ ಹಾಕುವ ವಿಭಾಗದವಳು. ದಿನಕ್ಕೆ ಸಾವಿರ ಗುಂಡಿಗೆ ತೂತು ಮಾಡುವವಳ ಮಾತೂ ಸ್ವಲ್ಪ ಚುಚ್ಚುವಂತೆಯೇ ಇರುತ್ತಿತ್ತು.

ಇಂಥ ಮನುಷ್ಯನ ತಲೆಗೆ ಕಟ್ಟಿದ್ದು ಏನನ್ನು ಅಂದರೆ, ಒಂದೇ ತಂಡದಲ್ಲಿ ಇಬ್ಬರು ಸ್ಟ್ರೈಕರುಗಳನ್ನು. ಒಬ್ಬಳು ಮಗಳು, ಇನ್ನೊಬ್ಬಳು ಸೊಸೆ!

ಮಗಳು ಪುಟ್ಟಿ ಹೆಸರಿಗಷ್ಟೇ ಪುಟ್ಟಿ. ಅಗಲ ಭುಜ, ಗಟ್ಟಿ ಕಾಲು. ಅವಳು ಚೆಂಡಿನ ಮುಂದೆ ನಿಂತರೆ ಮೂರು ಜನ ಸೇರಿ ತಳ್ಳಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಮೈದಾನದಲ್ಲಿ ಅವಳನ್ನು 'ಬಂಡೆ' ಎಂದೇ ಕರೆಯುತ್ತಿದ್ದರು. ಹದಿನೇಳನೆಯ ವಯಸ್ಸಿನಿಂದ ಅವಳು ಒಬ್ಬಳೇ ಮುಂದೆ ನಿಂತು ಗೋಲು ಹೊಡೆದು ತಂಡವನ್ನು ಎತ್ತಿ ಹಿಡಿದಿದ್ದಳು.

ಸೊಸೆ ಬಂದದ್ದು ಎದುರಾಳಿ ತಂಡದಿಂದ. ಸಾಬೂನು ಕಾರ್ಖಾನೆಯ ಪರವಾಗಿ ಆಡಲು ಬಂದವಳು ಮಾಸ್ಟರ ತಂಡದ ಮೇಲೆ ಒಂದೇ ಮಧ್ಯಾಹ್ನ ಮೂರು ಗೋಲು ಹೊಡೆದಳು. ಗೆರೆಯ ಹೊರಗೆ ನಿಂತು ನೋಡುತ್ತಿದ್ದ ಮಾಸ್ಟರ ಮಗ, ಹೊಲಿಗೆ ಕಾರ್ಖಾನೆಯ ಮೆಷಿನ್ ಮೆಕ್ಯಾನಿಕ್, ಮೂರಕ್ಕೂ ಚಪ್ಪಾಳೆ ತಟ್ಟಿದ. ಸ್ವಂತ ತಂಗಿ ಸೋಲುತ್ತಿದ್ದರೂ ಹಲ್ಲು ಕಿರಿದುಕೊಂಡು ನಿಂತಿದ್ದನಂತೆ. ವರ್ಷದೊಳಗೆ ಮದುವೆಯಾಯಿತು. ಅವಳು ಅಲ್ಲಿಯ ಕೆಲಸ ಬಿಟ್ಟು ಇಲ್ಲಿಯ ಕಾಲರ್ ವಿಭಾಗ ಸೇರಿದಳು. ಓಟದಲ್ಲಿ ಅವಳನ್ನು ಹಿಡಿದವರಿಲ್ಲ, ಅದಕ್ಕೇ 'ಜಿಂಕೆ' ಎಂದು ಹೆಸರಾಯಿತು. ಊರೆಲ್ಲ ಮಾಸ್ಟರ ಬೆನ್ನು ತಟ್ಟಿತು. ಇಬ್ಬರೂ ಒಂದೇ ಮನೆ, ಒಂದೇ ತಂಡ, ಇನ್ನು ನಿಮ್ಮನ್ನು ತಡೆಯುವವರು ಯಾರು ಮಾಸ್ಟ್ರೇ ಎಂದಿತು.

ತಡೆಯಲು ಬೇರೆ ಯಾರೂ ಬೇಕಾಗಲಿಲ್ಲ, ಅವರೇ ಒಬ್ಬರನ್ನೊಬ್ಬರು ತಡೆದರು. ಮೊದಲ ಪಂದ್ಯದಲ್ಲೇ ಒಂದೇ ಚೆಂಡಿಗೆ ಇಬ್ಬರೂ ಎರಡು ಕಡೆಯಿಂದ ಓಡಿ ಬಂದು ಢೀ ಹೊಡೆದರು. ಪುಟ್ಟಿಯ ತುಟಿ ಹರಿಯಿತು, ಸೊಸೆಯ ಹುಬ್ಬು ಊದಿತು. ಇಬ್ಬರ ನಡುವಿನಿಂದ ಚೆಂಡು ಉರುಳಿಕೊಂಡು ಎದುರಾಳಿ ಗೋಲ್‌ಕೀಪರ್ ಕೈಗೆ ಸಲೀಸಾಗಿ ಸೇರಿತು. ಮನೆಯಲ್ಲಿ "ಅತ್ತಿಗೆ, ನೀವು ಮೊದಲು ಸ್ನಾನಕ್ಕೆ ಹೋಗಿ" ಎಂದು ಬಹುವಚನದಲ್ಲಿ ಮಾತಾಡುವ ಪುಟ್ಟಿ, ಮೈದಾನದಲ್ಲಿ "ಅತ್ತಿಗೇ, ಬಿಡೇ! ನಂದು ಅದು!" ಎಂದು ಕಿರುಚುತ್ತಿದ್ದಳು. ಸೊಸೆಯೇನು ಕಡಿಮೆಯೇ? "ನಿಂದು ಅಂತ ಚೆಂಡಿನ ಮೇಲೆ ಬರ್ದಿದ್ಯಾ?" ಎಂದು ಓಡುತ್ತಲೇ ಉತ್ತರ ಕೊಡುತ್ತಿದ್ದಳು.

ಮಾಸ್ಟರು ಒಬ್ಬಳನ್ನು ಎಡಕ್ಕೆ, ಒಬ್ಬಳನ್ನು ಬಲಕ್ಕೆ ಹಾಕಿ ನೋಡಿದರು. ಐದು ನಿಮಿಷಕ್ಕೆಲ್ಲ ಇಬ್ಬರೂ ನಡುವಿಗೇ ಬಂದು ಸೇರುತ್ತಿದ್ದರು. ಒಬ್ಬಳನ್ನು ಹೊರಗೆ ಕೂರಿಸಿ ನೋಡಿದರು. ಸೊಸೆಯನ್ನು ಕೂರಿಸಿದ ವಾರ ಮಗ ಅಪ್ಪನ ಜೊತೆ ಮಾತು ಬಿಟ್ಟ, ಮಗಳನ್ನು ಕೂರಿಸಿದ ವಾರ ಅವಳು ಊಟದ ತಟ್ಟೆಯನ್ನು ಎತ್ತಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತು ತಿಂದಳು. ಮೂರನೆಯ ಮಹಡಿಯ ಎರಡು ಕೋಣೆ, ಒಂದು ಅಡುಗೆಮನೆಯ ಆ ಮನೆಯಲ್ಲಿ ಮುಖ ಊದಿಸಿಕೊಂಡವರಿಗೆ ಬೇರೆ ಜಾಗವಾದರೂ ಎಲ್ಲಿತ್ತು?

"ಅಷ್ಟು ದೊಡ್ಡ ಮೈದಾನದಲ್ಲಿ ಇಬ್ಬರನ್ನ ನಿಲ್ಸೋಕಾಗಲ್ವಾ ನಿಮಗೆ?" ಎಂದಳು ಹೆಂಡತಿ. "ಇಷ್ಟಗಲದ ಅಡುಗೆಮನೇಲಿ ನಾನು ನಿಭಾಯಿಸ್ತಿಲ್ವಾ? ಬೆಳಗ್ಗೆ ಒಬ್ಬಳು, ಸಾಯಂಕಾಲ ಒಬ್ಬಳು. ಒಲೆ ಹತ್ರ ಇಬ್ಬರನ್ನೂ ಒಟ್ಟಿಗೆ ಬಿಡೋದೇ ಇಲ್ಲ. ಅಲ್ಲೂ ಸರದಿ ಹಾಕಿ ಆಡ್ಸಿ."

"ಅದು ಅಡುಗೆ ಕಣೇ, ಇದು ಆಟ" ಎಂದು ಮಾಸ್ಟರು ನಕ್ಕುಬಿಟ್ಟರು.

ನಕ್ಕರೂ ಒಳಗೊಳಗೇ ಸಂಕಟ. ಅದಕ್ಕೆ ಕಾರಣ ಆ ವರ್ಷ ಗೋಡೆಗೆ ಅಂಟಿಸಿದ್ದ ಒಂದು ಕಾಗದ. ನಗರದ ದೊಡ್ಡ ತಂಡಕ್ಕೆ ಒಬ್ಬ ಸ್ಟ್ರೈಕರ್ ಬೇಕಾಗಿದ್ದಳು, ಒಬ್ಬಳೇ ಒಬ್ಬಳು. ಕಾರ್ಖಾನೆಗಳ ಪಂದ್ಯಾವಳಿಯ ಸೆಮಿಫೈನಲ್, ಫೈನಲ್ ನೋಡಿ ಅಲ್ಲಿಂದಲೇ ಆರಿಸುತ್ತಾರಂತೆ. ಆರಿಸಿಕೊಂಡವಳಿಗೆ ಮೆಷಿನ್ ಮುಂದಿನ ಬದುಕು ಮುಗಿಯಿತು, ಆಡುವುದೇ ಕೆಲಸ. ಆದರೆ ವಯಸ್ಸು ಇಪ್ಪತ್ತೈದು ತುಂಬಿರಬಾರದು. ಪುಟ್ಟಿಗೆ ಇಪ್ಪತ್ತನಾಲ್ಕು, ಸೊಸೆಗೂ ಇಪ್ಪತ್ತನಾಲ್ಕು. ಇಬ್ಬರಿಗೂ ಇದೇ ಕೊನೆಯ ವರ್ಷ. ಆ ಕಾಗದದ ಮುಂದೆ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ನಿಂತು ಓದುತ್ತಿದ್ದುದನ್ನು ಮಾಸ್ಟರು ಕಟಿಂಗ್ ಮೇಜಿನ ಹಿಂದಿನಿಂದ ನೋಡಿದ್ದರು. ಓದಿ ಮುಗಿದ ಮೇಲೂ ಇಬ್ಬರಿಗೂ ಅಲ್ಲಿಂದ ಕಾಲು ಕೀಳಲಾಗುತ್ತಿರಲಿಲ್ಲ. ಯಾರಿಗೆ ಸಿಗಲಿ ಎಂದು ಬೇಡಿಕೊಳ್ಳುವುದು? ಯಾರಿಗೆ ಬೇಡ ಎನ್ನುವುದು?

ಪರಿಹಾರ ಹೊಳೆದದ್ದು ಕಟಿಂಗ್ ಮೇಜಿನ ಮೇಲೆಯೇ. ಅಂಗಿಯ ತೋಳು ಕತ್ತರಿಸುವುದನ್ನು ನೀವು ನೋಡಿರಬಹುದು. ರಟ್ಟಿನ ಪ್ಯಾಟರ್ನ್ ಭುಜದ ಕಡೆ ಅಗಲ, ಮಣಿಕಟ್ಟಿನ ಕಡೆ ಕಿರಿದು. ಎರಡು ತೋಳನ್ನೂ ಒಂದೇ ದಿಕ್ಕಿಗೆ ಇಟ್ಟರೆ ಅಗಲಕ್ಕೆ ಅಗಲ ತಾಗಿ, ಕೆಳಗೆ ಬಟ್ಟೆ ಸುಮ್ಮನೆ ದಂಡವಾಗುತ್ತದೆ. ಒಂದನ್ನು ತಲೆಕೆಳಗು ಮಾಡಿ ಇಟ್ಟು ನೋಡಿ, ಒಂದರ ಅಗಲದ ಪಕ್ಕಕ್ಕೆ ಇನ್ನೊಂದರ ಕಿರಿದು ಬಂದು ಕೂರುತ್ತದೆ, ನಡುವೆ ಬೆರಳು ಇಡಲೂ ಜಾಗ ಉಳಿಯುವುದಿಲ್ಲ. ಸಾವಿರಾರು ಸಲ ಮಾಡಿದ ಕೆಲಸ. ಅವತ್ತು ಚಹಾದ ಹೊತ್ತಿನಲ್ಲಿ ಅದನ್ನೇ ಮಾಡುತ್ತಿದ್ದಾಗ ಮಾಸ್ಟರ ಕೈಯಲ್ಲಿದ್ದ ಚಾಕ್ ಗಕ್ಕನೆ ನಿಂತಿತು. ಎರಡು ನಿಮಿಷ ಹಾಗೇ ನಿಂತಿದ್ದು ನೋಡಿ ಪಕ್ಕದವನು, "ಮಾಸ್ಟ್ರೇ, ಎದೆ ನೋವಾ?" ಎಂದು ಕೇಳಿದನಂತೆ.

ಭಾನುವಾರ ಮೈದಾನದಲ್ಲಿ ಪುಟ್ಟಿಯ ಎರಡೂ ಭುಜ ಹಿಡಿದು ಅವಳನ್ನು ತಿರುಗಿಸಿ ನಿಲ್ಲಿಸಿದರು. ಗೋಲಿಗೆ ಬೆನ್ನು, ಮುಖ ತಮ್ಮ ತಂಡದವರ ಕಡೆಗೆ.

"ಅಪ್ಪ, ತಲೆ ಕೆಟ್ಟಿದ್ಯಾ? ಗೋಲು ಆ ಕಡೆ ಇದೆ."

"ಗೊತ್ತಮ್ಮ. ನೀನು ಸ್ವಲ್ಪ ಹಿಂದಕ್ಕೆ ಬಂದು ಹೀಗೇ ನಿಲ್ಲು. ಚೆಂಡು ನಿನ್ನ ಕಾಲಿಗೆ ಬರುತ್ತೆ. ನಿನ್ನ ಹತ್ರ ಇರೋವರೆಗೆ ಅದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ. ಅಷ್ಟರಲ್ಲಿ ನಿಮ್ಮತ್ತಿಗೆ ನಿನ್ನ ಭುಜದ ಪಕ್ಕದಿಂದ ಓಡ್ತಾಳೆ. ಅವಳ ಮುಂದಕ್ಕೆ ತಳ್ಳು. ಅವಳನ್ನ ತಡೆಯೋಕೆ ಎಲ್ಲರೂ ಹಿಂದೆ ಬಿದ್ರೆ ಅವಳು ವಾಪಸ್ ಕೊಡ್ತಾಳೆ, ನೀನು ತಿರುಗಿ ಹೊಡಿ."

ಸೊಸೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ಕೊಡ್ಲೇಬೇಕಾ ಮಾವ?"

"ಕೊಡ್ಬೇಕಮ್ಮ."

ಮೊದಲೆರಡು ವಾರ ಇಬ್ಬರೂ ಗೊಣಗಿಕೊಂಡೇ ಆಡಿದರು. ಮೂರನೆಯ ವಾರ ಗೊಣಗಾಟ ನಿಂತಿತು. ಅಬ್ಬಾ, ಆ ಆಟವನ್ನು ನೋಡಬೇಕಿತ್ತು! ಪುಟ್ಟಿ ಹಿಂದೆ ತಿರುಗಿ ನೋಡದೆಯೇ ಚೆಂಡನ್ನು ಬಿಡುತ್ತಿದ್ದಳು, ಸೊಸೆ ಅಲ್ಲಿರುತ್ತಿದ್ದಳು. ಸೊಸೆ ತಲೆಯೆತ್ತದೆ ವಾಪಸ್ ಕೊಡುತ್ತಿದ್ದಳು, ಪುಟ್ಟಿ ಬಂದಿರುತ್ತಿದ್ದಳು. ಐದು ಪಂದ್ಯ ಗೆದ್ದರು. ಮಾಸ್ಟರು ಅರವತ್ತರ ಹತ್ತಿರ ಬಂದವರು, ಜೀವಮಾನದಲ್ಲಿ ಯಾವುದನ್ನೂ ಹೀಗೆ ಹೆಮ್ಮೆಯಿಂದ ನೋಡಿದವರಲ್ಲ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಬೆರಳುಗಳನ್ನು ಮೇಲೆ ಕೆಳಗೆ ಮಾಡಿ ಎರಡು ತೋಳಿನ ಕತೆ ಹೇಳಿದರು. ತಲೆಯ ಕ್ಷೌರಿಕನಿಗೆ ಒಮ್ಮೆ, ಗಡ್ಡದ ಕ್ಷೌರಿಕನಿಗೆ ಇನ್ನೊಮ್ಮೆ ಹೇಳಿದರು.

ಆರಿಸಲು ಬಂದವರು ಎತ್ತರದ ಹೆಂಗಸು, ತಲೆಗೆ ಬೂದು ಬಣ್ಣದ ಟೋಪಿ. ಸೆಮಿಫೈನಲ್ ದಿನ ಗೆರೆಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತು, ಮುಗಿಯುವ ತನಕ ತುಟಿ ಪಿಟಕ್ಕೆನ್ನದೆ ನೋಡಿದರು. ಮಾಸ್ಟರ ತಂಡ ಎರಡು ಗೋಲಿನಿಂದ ಗೆದ್ದಿತು, ಮಗಳದ್ದೊಂದು, ಸೊಸೆಯದ್ದೊಂದು. ಟೋಪಿಯವರು ಪುಸ್ತಕದಲ್ಲಿ ಏನೋ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಅದನ್ನು ಮಾಸ್ಟರು ಒಳ್ಳೆಯ ಲಕ್ಷಣವೆಂದೇ ತಿಳಿದರು.

ಫೈನಲ್ ಬಿಸ್ಕತ್ತು ಕಾರ್ಖಾನೆಯ ಮೇಲೆ. ಮಾಸ್ಟರ ತಂಡದವರು ಅವರನ್ನು ಬಿಸ್ಕತ್ತಿನ ಹಾಗೆ ಪುಡಿಪುಡಿ ಮಾಡಿದರು. ಹಾಫ್ ಟೈಮ್ ವಿಸಿಲ್ ಊದುವಾಗ ಮೂರು–ಸೊನ್ನೆ. ಆಗ ಒಂದು ಆಗಬಾರದ್ದು ಆಯಿತು, ಅಥವಾ ಆಗಬೇಕಾದದ್ದು ಆಗಲಿಲ್ಲ, ಹೇಗೆ ಬೇಕಾದರೂ ಅನ್ನಿ. ಮಗಳು, ಸೊಸೆ ಇಬ್ಬರೂ ಜೊತೆಯಾಗಿ ಮಾಸ್ಟರ ಮುಂದೆ ಬಂದು ನಿಂತರು. ನೀರಿನ ಬಾಟಲಿ ಒಂದೇ, ಒಬ್ಬಳು ಕುಡಿದು ಇನ್ನೊಬ್ಬಳಿಗೆ ಕೊಟ್ಟಳು.

"ಮಾವ, ಮೂರು ಗೋಲು ಮುಂದಿದ್ದೀವಿ, ಇನ್ನು ಸೋಲಲ್ಲ" ಎಂದಳು ಸೊಸೆ. "ನಾವಿಬ್ಬರೂ ಮಾತಾಡ್ಕೊಂಡ್ವಿ. ಇನ್ನು ಇಪ್ಪತ್ತು ನಿಮಿಷ ಒಬ್ಬಳೇ ಮುಂದೆ ಆಡ್ತಾಳೆ, ಇನ್ನೊಬ್ಬಳು ದೂರ ಇರ್ತಾಳೆ. ಆಮೇಲೆ ಅದಲುಬದಲು. ಟೋಪಿಯವರು ಒಬ್ಬೊಬ್ಬರನ್ನೇ ನೋಡಿದ ಹಾಗಾಗುತ್ತೆ."

"ಒಬ್ಬಳಿಗೆ ಸಿಗುತ್ತೆ, ಒಬ್ಬಳಿಗೆ ಸಿಗಲ್ಲ" ಎಂದಳು ಪುಟ್ಟಿ. "ನಮಗೆ ಗೊತ್ತು ಅಪ್ಪ. ಮೊದಲು ಯಾರು ಅಂತ ಮಾತ್ರ ನೀನು ಹೇಳು. ನಾವೇ ಹೇಳ್ಕೊಂಡ್ರೆ ಜಗಳ ಆಗುತ್ತೆ."

ಅಷ್ಟೇ ಅವರು ಕೇಳಿದ್ದು. ಮಾಸ್ಟರು ಮಗಳ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ನಾಲ್ಕು ಕಣ್ಣೂ ಅವರ ಬಾಯನ್ನೇ ನೋಡುತ್ತಿದ್ದವು. ಮೊದಲು ಹೋದವಳು ಬಿಸ್ಕತ್ತಿನವರು ಸುಸ್ತಾಗುವ ಮುಂಚೆ ಆಡಬೇಕು, ಆಮೇಲೆ ಹೋದವಳಿಗೆ ದಾರಿ ಸುಲಭ. ಇಲ್ಲ, ಮೊದಲು ಹೋದವಳನ್ನೇ ನೋಡಿ ಟೋಪಿಯವರು ಮನಸ್ಸು ಮಾಡಿಬಿಟ್ಟರೆ? ಯಾರ ಹೆಸರು ಹೇಳಿದರೂ ಇನ್ನೊಬ್ಬಳ ಬದುಕಿನ ಮೇಲೆ ತಾನೇ ಕೈಯಾರೆ ಕತ್ತರಿ ಆಡಿಸಿದಂತೆ ಅನ್ನಿಸಿತು. ಅದರ ಜೊತೆಗೆ, ಸುಳ್ಳೇಕೆ ಹೇಳಬೇಕು, ಇನ್ನೊಂದು ಆಸೆಯೂ ಇತ್ತು. ಅಷ್ಟು ಅಂದವಾಗಿ ಕೂತ ಜೋಡಿಯನ್ನು ಆ ಟೋಪಿಯ ಮುಂದೆ ಇನ್ನೂ ನಲವತ್ತೈದು ನಿಮಿಷ ನೋಡುವ ಆಸೆ.

"ಬೇಡಮ್ಮ" ಎಂದರು. "ಈಗಿರೋ ಹಾಗೇ ಇರ್ಲಿ. ಚೆನ್ನಾಗಿ ಕೂತಿದೆ, ಕೆಡಿಸೋದು ಬೇಡ. ಅವರು ಇಬ್ಬರನ್ನೂ ನೋಡ್ತಾನೇ ಇದ್ದಾರೆ."

ಪುಟ್ಟಿ ಏನೋ ಹೇಳಲು ಬಾಯಿ ತೆರೆದಳು. ಸೊಸೆ ಅವಳ ಮೊಣಕೈ ಹಿಡಿದು ಎಳೆದುಕೊಂಡು ಹೋದಳು. ಮಾಸ್ಟರು ಹೇಳಿದ ಮಾತನ್ನು ಇಬ್ಬರೂ ಮೀರುವವರಲ್ಲ. ಅದೇ ಜಾಗದಲ್ಲಿ, ಅದೇ ಆಟ ಆಡಿದರು. ಇನ್ನೂ ಒಂದು ಗೋಲಾಯಿತು. ಕೊನೆಯ ಹತ್ತು ನಿಮಿಷದಲ್ಲಿ ಬಿಸ್ಕತ್ತು ಕಾರ್ಖಾನೆಯ ಒಬ್ಬ ಸಣಕಲಿ, ಇಡೀ ದಿನ ಒಬ್ಬಳೇ ಮುಂದೆ ನಿಂತು ಚೆಂಡಿಗೆ ಕಾದು ಕಾದು ಸಾಕಾಗಿದ್ದವಳು, ಸಿಕ್ಕ ಒಂದು ಚೆಂಡನ್ನು ಹಿಡಿದು ನಾಲ್ಕು ಜನರನ್ನು ದಾಟಿ ಗೋಲಿಗೆ ನುಗ್ಗಿಸಿದಳು. ನಾಲ್ಕು–ಒಂದು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಮಾಸ್ಟರಂತೂ ಆಗ ಕಪ್ ಇಡಲು ತಂದ ಮೇಜಿನ ಕಾಲು ಅಲುಗಾಡುತ್ತಿದೆ ಎಂದು ಅದರ ಕೆಳಗೆ ಕಾಗದ ಮಡಚಿ ಇಡುತ್ತಿದ್ದರು.

ಕಪ್ ಕೊಟ್ಟು ಮುಗಿದ ಮೇಲೆ ಟೋಪಿಯವರು ಕುರ್ಚಿ ಮಡಚಿಕೊಂಡು ಮಾಸ್ಟರ ಹತ್ತಿರ ಬಂದರು.

"ನಿಮ್ಮ ಕೆಲಸ ತುಂಬಾ ಚೆನ್ನಾಗಿದೆ ಮಾಸ್ಟ್ರೇ. ಇಂಥ ಜೋಡಿಯನ್ನ ದೊಡ್ಡ ತಂಡಗಳಲ್ಲೂ ನಾನು ನೋಡಿಲ್ಲ."

ಮಾಸ್ಟರ ಮುಖ ಅರಳಿತು. "ಹಾಗಾದ್ರೆ ಯಾರನ್ನ..." ಎಂದರು.

"ನಮ್ಮಲ್ಲಿ ಮುಂದೆ ನಿಲ್ಲೋದು ಒಬ್ಬಳೇ. ಒಂಟಿಯಾಗಿ ಆಡ್ಬೇಕು. ಇವರಿಬ್ಬರೂ ಒಂಟಿಯಾಗಿ ಆಡಿದ್ದನ್ನ ಎರಡು ಪಂದ್ಯದಲ್ಲಿ ಒಂದು ನಿಮಿಷವೂ ನಾನು ನೋಡ್ಲಿಲ್ಲ. ಮುಂದಿನವಳನ್ನ ಕರ್ಕೊಂಡು ಹೋದ್ರೆ ಅವಳಿಗೆ ಚೆಂಡು ಕೊಡೋರು ಯಾರು? ಹಿಂದಿನವಳನ್ನ ಕರ್ಕೊಂಡು ಹೋದ್ರೆ ಅವಳು ಕೊಡೋದು ಯಾರಿಗೆ? ಪ್ರತಿ ಗೋಲಿನಲ್ಲೂ ಅರ್ಧ ಇವಳದು, ಅರ್ಧ ಅವಳದು. ಅದಕ್ಕೇ ಆ ಬಿಸ್ಕತ್ತು ಕಾರ್ಖಾನೆ ಹುಡುಗೀನ ಕೇಳಿದ್ದೀನಿ."

ಮಾಸ್ಟರು ಅವರ ಮಡಚಿದ ಕುರ್ಚಿಗೆ ಕೈ ಹಾಕಿದರು. "ಅಮ್ಮಾ, ಹಾಗಲ್ಲ! ಐದು ವರ್ಷ ನನ್ನ ಮಗಳು ಒಬ್ಬಳೇ ಆಡಿದ್ದಾಳೆ. ಸೊಸೆ ನಮ್ಮ ಮೇಲೇ ಒಬ್ಬಳೇ ಮೂರು ಗೋಲು ಹೊಡೆದಿದ್ದಾಳೆ. ಯಾರನ್ನ ಬೇಕಾದ್ರೂ ಕೇಳಿ. ಈಗಲೇ ಆಡಿಸ್ತೀನಿ, ಹತ್ತೇ ನಿಮಿಷ ಕೂತ್ಕೊಳ್ಳಿ, ಒಬ್ಬೊಬ್ಬಳನ್ನೇ..."

"ಈಗ ಯಾರ ಎದುರು ಆಡಿಸ್ತೀರಿ?" ಎಂದರು ಅವರು, ಬೇಸರದಿಂದಲ್ಲ, ಮೆತ್ತಗೆ. ಮೈದಾನ ಖಾಲಿಯಾಗುತ್ತಿತ್ತು. ಬಿಸ್ಕತ್ತು ಕಾರ್ಖಾನೆಯವರು ವ್ಯಾನ್ ಹತ್ತಿ ಕೂತಿದ್ದರು, ಆ ಸಣಕಲಿಯನ್ನು ಒಬ್ಬರ ಮೇಲೊಬ್ಬರು ಬಿದ್ದು ಅಪ್ಪಿಕೊಳ್ಳುತ್ತಿದ್ದರು. ಟೋಪಿಯವರು ಕೈ ಕುಲುಕಿ ಹೋದರು. ಆ ಕೈಯನ್ನು ಹಾಗೇ ಚಾಚಿಕೊಂಡು ಮಾಸ್ಟರು ಸ್ವಲ್ಪ ಹೊತ್ತು ನಿಂತಿದ್ದರು.

ಸುದ್ದಿಯನ್ನು ಅವರು ಹೇಳಬೇಕಾಗಲಿಲ್ಲ, ವ್ಯಾನಿನ ಗಲಾಟೆಯೇ ಹೇಳಿತ್ತು. ಮನೆಗೆ ಬಂದಾಗ ಅಡುಗೆಮನೆಯಲ್ಲಿ ಮಗಳು, ಸೊಸೆ ಒಟ್ಟಿಗೇ ಇದ್ದರು. ಹೆಂಡತಿ ಹೊರಗಿನ ಕೋಣೆಯಲ್ಲಿ ಕೂತಿದ್ದಳು, ಆ ದಿನ ಸರದಿ ಗಿರದಿ ಏನೂ ಇರಲಿಲ್ಲ. ಒಳಗಿನಿಂದ "ಅತ್ತಿಗೆ, ನೀನು ಕೂತ್ಕೋ, ನಿನ್ನ ಕಾಲು ಊದಿದೆ, ನಾನು ಮಾಡ್ತೀನಿ" ಎಂಬ ಮಾತು ಕೇಳಿಸಿತು. ಏಕವಚನ. ಮೈದಾನದ ಏಕವಚನ ಮನೆಯೊಳಗೆ ಬಂದಿತ್ತು, ಕಿರುಚಾಟವಿಲ್ಲದೆ, ಅಕ್ಕತಂಗಿಯರ ಹಾಗೆ. ಎರಡು ವರ್ಷ ಮಾಸ್ಟರು ಯಾವುದಕ್ಕೆ ಹಂಬಲಿಸಿದ್ದರೋ ಅದು ಸಿಕ್ಕಿತ್ತು. ಕೇಳಿ ಸಂತೋಷಪಡುವ ಧೈರ್ಯ ಮಾತ್ರ ಬರಲಿಲ್ಲ.

ಸೊಸೆ ಚಹಾ ತಂದು ಕೊಟ್ಟಳು. "ತಗೊಳ್ಳಿ ಮಾವ." ಸಿಟ್ಟಿಲ್ಲ, ಸೆಡವಿಲ್ಲ. ಅತ್ತು ಮುಗಿಸಿದ ಮುಖ, ಅಷ್ಟೇ.

ಪುಟ್ಟಿ ಬಾಗಿಲಿಗೆ ಒರಗಿ ನಿಂತಿದ್ದಳು.

"ನನ್ನಿಂದ ತಪ್ಪಾಯ್ತು ಕಣಮ್ಮ" ಎಂದರು ಮಾಸ್ಟರು. "ಗೆಲ್ತಿದ್ದೀವಲ್ಲ, ಆಟ ಕೆಡಬಾರದು ಅಂತ..."

"ಆಟಕ್ಕಲ್ಲ ಅಪ್ಪ" ಎಂದಳು ಪುಟ್ಟಿ. ದನಿ ಎತ್ತರಿಸಲಿಲ್ಲ. "ಒಬ್ಬರ ಹೆಸರು ಹೇಳೋಕೆ ನಿನಗೆ ಹೆದರಿಕೆ ಆಯ್ತು. ನೀನು ಅತ್ತಿಗೆ ಹೆಸರು ಹೇಳಿದ್ರೆ ನಾನು ಎರಡು ದಿನ ಅಳ್ತಿದ್ದೆ, ಮೂರನೇ ದಿನ ಅವಳ ಪೆಟ್ಟಿಗೆ ಕಟ್ಟಿಕೊಡ್ತಿದ್ದೆ. ನನ್ನ ಹೆಸರು ಹೇಳಿದ್ರೆ ಅವಳು ಕಟ್ಟಿಕೊಡ್ತಿದ್ದಳು. ಈಗ ನೋಡು, ಇಬ್ಬರೂ ಇಲ್ಲೇ ಇದ್ದೀವಿ."

ಮಾಸ್ಟರು ಉತ್ತರಕ್ಕಾಗಿ ಹೆಂಡತಿಯ ಕಡೆ ನೋಡಿದರು. ಅವಳ ನಾಲಗೆಗೆ ಯಾವಾಗಲೂ ಒಂದು ಮಾತು ಸಿದ್ಧವಿರುತ್ತಿತ್ತು. ಅವತ್ತು ಅವಳೂ ಸುಮ್ಮನೆ ಸೆರಗಿನ ಅಂಚಿನ ದಾರ ಕೀಳುತ್ತ ಕೂತಿದ್ದಳು. ನಾನು ಆಗಲೇ ಹೇಳಿರಲಿಲ್ವಾ ಎಂದಾದರೂ ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಆ ಜೀವಕ್ಕೆ.

ಸೋಮವಾರ ಕಾರ್ಖಾನೆಯಲ್ಲಿ ಕಪ್ಪನ್ನು ತಂದು ಕಟಿಂಗ್ ಮೇಜಿನ ಮೇಲೇ ಇಟ್ಟರು. ಮ್ಯಾನೇಜರು ಬಂದು ಬೆನ್ನು ತಟ್ಟಿ, ಆ ತೋಳಿನ ಉಪಾಯವನ್ನು ಎಲ್ಲರಿಗೂ ಇನ್ನೊಮ್ಮೆ ಹೇಳಿ ಎಂದರು. ಮಾಸ್ಟರು ಇಲ್ಲ ಎನ್ನಲಾರದೆ ಹೇಳಿದರು. ಚಪ್ಪಾಳೆ ಬಿತ್ತು. ಕಾಲರ್ ವಿಭಾಗದಲ್ಲಿ ಒಂದು ಮೆಷಿನ್ ಮಾತ್ರ ನಿಲ್ಲದೆ ಓಡುತ್ತಲೇ ಇತ್ತು. ಗೋಡೆಯ ಮೇಲಿನ ಕಾಗದವನ್ನು ಯಾರೋ ಆಗಲೇ ತೆಗೆದಿದ್ದರು, ನಾಲ್ಕು ಮೂಲೆಯ ಅಂಟು ಮಾತ್ರ ಉಳಿದಿತ್ತು.

ಮುಂದಿನ ಭಾನುವಾರ ಮಾಸ್ಟರು ಎಲ್ಲರಿಗಿಂತ ಮುಂಚೆ ಹೋಗಿ ಗೆರೆ ಹಾಕಿದರು. ಅವರಿಬ್ಬರೂ ಬರುವುದಿಲ್ಲ ಎಂದುಕೊಂಡಿದ್ದರು. ಬಂದರು. ಶೂ ಕಟ್ಟಿಕೊಂಡು ಬಂದು ಅವರೆದುರು ನಿಂತರು.

"ಎಲ್ಲಿ ನಿಲ್ಬೇಕು ಮಾವ?" ಎಂದಳು ಸೊಸೆ.

"ಎಲ್ಲಾದ್ರೂ ನಿಲ್ಲಿ" ಎಂದರು ಮಾಸ್ಟರು. "ನಿಮಗೆ ಎಲ್ಲಿ ಬೇಕೋ ಅಲ್ಲಿ. ಇವತ್ತು ನಾನು ಏನೂ ಹೇಳಲ್ಲ. ಒಬ್ಬೊಬ್ಬರೇ ಆಡಿ, ಮೊದಲಿನ ಹಾಗೆ."

ಇಬ್ಬರೂ ತಲೆಯಾಡಿಸಿ ಒಳಗೆ ಹೋದರು. ವಿಸಿಲ್ ಕೇಳಿಸಿತು. ಪುಟ್ಟಿ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ಗೋಲಿಗೆ ಬೆನ್ನು ಮಾಡಿ ನಿಂತಳು. ಸೊಸೆ ಹೋಗಿ ಅವಳ ಎಡಭುಜದ ಪಕ್ಕ ನಿಂತಳು. ಮಾಸ್ಟರು ಸುಣ್ಣದ ಡಬ್ಬ ಹಿಡಿದುಕೊಂಡು ಗೆರೆಯ ಹೊರಗೆ ನೋಡುತ್ತಾ ನಿಂತರು.